ಐದು ಲಕ್ಷದ ವಿಮೆ, ಆದರೆ ಯಾವ ಐದು ಲಕ್ಷ?

"ಐದು ಲಕ್ಷಕ್ಕೆ ಇನ್ಶೂರೆನ್ಸ್ ಇದೆ ಬಿಡಿ" ಎನ್ನುವ ಧೈರ್ಯ ಆಸ್ಪತ್ರೆಯ ಬಿಲ್ ಕೌಂಟರಿನ ತನಕ ಮಾತ್ರ. ಯಶಸ್ವಿನಿಯೂ ಐದು ಲಕ್ಷ, ಬಿಪಿಎಲ್ ಕಾರ್ಡಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವೂ ಐದು ಲಕ್ಷ. ಆರೋಗ್ಯ ಸಂಜೀವನಿ ಪಾಲಿಸಿ ಐದು ಲಕ್ಷಕ್ಕೆ ಸಿಗುತ್ತದೆ, ಏಜೆಂಟರು ಮಾರುವ ಖಾಸಗಿ ಪಾಲಿಸಿಯೂ ಅಷ್ಟಕ್ಕೇ. ಇವುಗಳಲ್ಲಿ ಕೊನೆಯ ಎರಡು ಬಗೆಯ ಪಾಲಿಸಿಗಳ ಮುಂದೆ ಒಂದೇ ಬಿಲ್ಲು ಇಟ್ಟು ಲೆಕ್ಕ ಹಾಕಿದರೆ ಕೈಯಿಂದ ಹೋಗುವ ದುಡ್ಡು ಒಂದರಲ್ಲಿ 10,000, ಇನ್ನೊಂದರಲ್ಲಿ 71,000.

ಲೆಕ್ಕಕ್ಕೆ ಇಟ್ಟುಕೊಂಡ ಬಿಲ್ಲು ಇದು. 58 ವರ್ಷದ ಹೆಂಗಸು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡಿದ್ದಾರೆ. ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ 6 ದಿನ. ಸ್ಪೆಷಲ್ ರೂಮು ದಿನಕ್ಕೆ 7,500ರಂತೆ 45,000 ರೂಪಾಯಿ. ಸರ್ಜನ್, ಅನಸ್ತೇಸಿಯ, ಆಪರೇಷನ್ ಥಿಯೇಟರು, ನರ್ಸಿಂಗ್ ಸೇರಿ 1,10,000. ಒಳಗೆ ಹಾಕುವ ರಾಡು, ಸ್ಕ್ರೂ 40,000. ಔಷಧಿ 30,000. ಎಕ್ಸ್‌ರೇ, ರಕ್ತಪರೀಕ್ಷೆ 15,000. ಗ್ಲೌಸು, ಮಾಸ್ಕು, ರಿಜಿಸ್ಟ್ರೇಷನ್ ಶುಲ್ಕದಂಥ, ವಿಮೆ ಕೊಡದ ಬಾಬ್ತು 10,000. ಒಟ್ಟು ಎರಡೂವರೆ ಲಕ್ಷ. ಬಿದ್ದು ಆದ ಪೆಟ್ಟು, ಆದ್ದರಿಂದ ಕಾಯುವ ಅವಧಿಯ (ಪಾಲಿಸಿ ಕೊಂಡ ಮೇಲೆ ಕ್ಲೇಮು ಸಿಗದ ಮೊದಲ ಕೆಲವು ಕಾಲ) ತಕರಾರಿಲ್ಲ.

ಮೊದಲಿಗೆ, ರೂಮ್ ಬಾಡಿಗೆಗೆ ಮಿತಿ ಇರುವ ಅಗ್ಗದ ಪಾಲಿಸಿ. ವಿಮಾ ಮೊತ್ತದ ಶೇ 1 ಎಂದರೆ ದಿನಕ್ಕೆ 5,000. ಹೆಚ್ಚಿನ 2,500ನ್ನು ನಾವು ಕೊಟ್ಟರಾಯಿತು ಎಂದು ಜನ ತಿಳಿದಿರುತ್ತಾರೆ. ಏಟು ಬೀಳುವುದು ಅಲ್ಲಿ ಅಲ್ಲ. 7,500ರ ರೂಮಿಗೆ 5,000ರ ಅರ್ಹತೆ ಎಂದರೆ ಮೂರರಲ್ಲಿ ಎರಡು ಪಾಲು. ಸರ್ಜನ್, ಥಿಯೇಟರು, ನರ್ಸಿಂಗ್ ಬಿಲ್ಲನ್ನೂ ಅದೇ ಪ್ರಮಾಣಕ್ಕೆ ಇಳಿಸುತ್ತಾರೆ. 1,10,000 ಹೋಗಿ 73,333 ಆಗುತ್ತದೆ. ಔಷಧಿ, ಇಂಪ್ಲಾಂಟು, ಪರೀಕ್ಷೆಗಳಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಬಾಡಿಗೆಗೂ ಇಲ್ಲ. ಹಾಕಿದ್ದರೆ ಜಗಳ ಮಾಡಿ. ಕಂಪನಿ ಕೊಡುವುದು 1,88,333, ಮನೆಯವರ ಪಾಲು 61,667.

ಅದೇ ಪಾಲಿಸಿ, ಅದೇ ಆಸ್ಪತ್ರೆ, ಆದರೆ ದಿನಕ್ಕೆ 4,500ರ ಇಬ್ಬರ ರೂಮು ಎಂದುಕೊಳ್ಳಿ. ಎಷ್ಟೋ ಆಸ್ಪತ್ರೆಗಳಲ್ಲಿ ಸರ್ಜನ್ ಫೀಜೂ ರೂಮಿನ ದರ್ಜೆ ನೋಡಿಯೇ ಏರುವುದು, ಇಳಿಯುವುದು. 1,10,000 ಇದ್ದದ್ದು 90,000 ಆಯಿತು ಎಂದಿಟ್ಟುಕೊಂಡರೆ ಒಟ್ಟು ಬಿಲ್ಲು 2,12,000, ಕೈಯಿಂದ ಹೋಗುವುದು 10,000 ಮಾತ್ರ. ರೂಮ್ ಮಿತಿಯ ಪಾಲಿಸಿ ಕೆಟ್ಟದ್ದಲ್ಲ. ಅಡ್ಮಿಟ್ ಆಗುವ ಗಡಿಬಿಡಿಯಲ್ಲಿ "ಯಾವ ರೂಮಾದರೂ ಕೊಡಿ" ಎನ್ನುವುದು ದುಬಾರಿ. ಮಿತಿಯೊಳಗಿನ ರೂಮು ಖಾಲಿ ಇಲ್ಲ ಎಂದರೆ ಆ ಮಾತನ್ನು ಬರಹದಲ್ಲಿ ಕೇಳಿ.

ಆರೋಗ್ಯ ಸಂಜೀವನಿ ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನಲ್ಲಿ ಸಿಗುವ ಪಾಲಿಸಿ, 2020ರ ಏಪ್ರಿಲ್‌ನಿಂದ ಇದೆ. ರೂಮಿಗೆ ಮೊತ್ತದ ಶೇ 2, ಆದರೆ 5,000ಕ್ಕೆ ಮೇಲಿಲ್ಲ, ಐಸಿಯುಗೆ 10,000. ಕಣ್ಣಿನ ಪೊರೆಗೆ ಒಂದು ಕಣ್ಣಿಗೆ ಹೆಚ್ಚೆಂದರೆ 40,000. ಎಲ್ಲ ಕ್ಲೇಮಿನಲ್ಲೂ ಶೇ 5 ನಮ್ಮ ಪಾಲು. ಮೇಲಿನ ಸ್ಪೆಷಲ್ ರೂಮಿನ ಬಿಲ್ಲಿಗೆ ಇದು ಕೊಡುವುದು ಸುಮಾರು 1,78,900. ಉಳಿದ 71,100 ನಮ್ಮದು. ಇಬ್ಬರ ರೂಮಿನಲ್ಲಾದರೆ ನಮ್ಮದು 20,100. ಸರಳ, ಗುಪ್ತ ಷರತ್ತು ಕಡಿಮೆ. ಆದರೆ ರೂಮಿನ ಗರಿಷ್ಠ ಮಿತಿ 5,000ಕ್ಕೇ ನಿಲ್ಲುವುದರಿಂದ ಮೊತ್ತ ಏರಿಸಿಕೊಂಡರೂ ಈ ಕಡಿತದಿಂದ ಪಾರಾಗಲಾಗದು.

ರೂಮ್ ಮಿತಿಯೇ ಇಲ್ಲದ ಪಾಲಿಸಿ 2,40,000 ಕೊಡುತ್ತದೆ. ಗ್ಲೌಸು, ಮಾಸ್ಕಿನ ಬಾಬ್ತಿಗೂ ಪ್ರತ್ಯೇಕ ರೈಡರ್ (ಹೆಚ್ಚು ದುಡ್ಡು ಕೊಟ್ಟು ಸೇರಿಸುವ ಸೌಲಭ್ಯ) ಸೇರಿಸಿದ್ದರೆ ಉಳಿದ 10,000ದಲ್ಲೂ ಬಹುಪಾಲು ಬರುತ್ತದೆ. ಪ್ರೀಮಿಯಂ ಹೆಚ್ಚು, ನಿಜ. ಆದರೂ ನಮ್ಮ ಮತ ಇದಕ್ಕೇ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬ ಆರೋಗ್ಯ ವಿಮೆಯ ಮೇಲಿದ್ದ ಶೇ 18 ಜಿಎಸ್‌ಟಿ ಹೋಗಿದೆ. ಆ ಉಳಿತಾಯವನ್ನು ವಿಮಾ ಮೊತ್ತ ಏರಿಸಲು ಬಳಸುವ ಬದಲು ರೂಮ್ ಮಿತಿ ತೆಗೆಸಲು ಬಳಸಿ.

ಸರ್ಕಾರದ ಎರಡು ಯೋಜನೆಗಳ ದಾರಿಯೇ ಬೇರೆ. ಅಲ್ಲಿ ಬಿಲ್ಲಿನ ಲೆಕ್ಕವಿಲ್ಲ, ಪ್ಯಾಕೇಜ್ ದರ, ಅಂದರೆ ಒಂದೊಂದು ಚಿಕಿತ್ಸೆಗೂ ಮೊದಲೇ ಗೊತ್ತು ಮಾಡಿದ ದರ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಪ್ಯಾಕೇಜಿನೊಳಗಿನದಕ್ಕೆ ಆಸ್ಪತ್ರೆ ದುಡ್ಡು ಕೇಳುವಂತಿಲ್ಲ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಎಡವುವುದು ರೆಫರಲ್‌ನಲ್ಲಿ: ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ತರಬೇಕು. ನೇರವಾಗಿ ಖಾಸಗಿಗೆ ಸೇರಿ ಆಮೇಲೆ ಕಾರ್ಡು ತೋರಿಸಿದರೆ ನಡೆಯದು.

ಯಶಸ್ವಿನಿ ಸಹಕಾರ ಸಂಘದ ಸದಸ್ಯರಿಗೆ. ಹಾಲಿನ ಡೈರಿಯಲ್ಲೋ ಕೃಷಿ ಪತ್ತಿನ ಸಂಘದಲ್ಲೋ ಷೇರು ಇರುವ ಮಂಡ್ಯ ಕಡೆಯ ಮನೆಗೆ, ದುಡ್ಡು ಕಟ್ಟಿ ಪಡೆಯುವವುಗಳಲ್ಲಿ ಇದು ಬಹಳ ಅಗ್ಗ. ಗ್ರಾಮೀಣ ಸದಸ್ಯರಾದರೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಮೇಲಿನ ಪ್ರತಿಯೊಬ್ಬರಿಗೆ 100. ನಗರದವರಿಗೆ 1,000 ಮತ್ತು 200. ನೋಂದಣಿಯ ಕಾಲ ಮುಗಿದರೆ ಮತ್ತೆ ಮುಂದಿನ ಸಾರಿಗೇ. ಬೇರೆ ವಿಮೆ ಇರುವವರು ಅರ್ಹತೆಯ ಷರತ್ತನ್ನು ಸಂಘದ ಕಾರ್ಯದರ್ಶಿಯ ಹತ್ತಿರ ಕೇಳಿಯೇ ದುಡ್ಡು ಕಟ್ಟಿ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಿ ಮಾತ್ರ ಇದು ನಡೆಯುತ್ತದೆ. ಸ್ಪೆಷಲ್ ರೂಮೇ ಬೇಕು ಎನ್ನುವವರಿಗೆ ಇದಲ್ಲ.

ಇನ್ನು ಐದು ಲಕ್ಷ ಸಾಲದು ಎನ್ನುವವರ ಪ್ರಶ್ನೆ. ಹತ್ತು ಲಕ್ಷದ ಒಂದೇ ಪಾಲಿಸಿಯೋ, ಐದು ಲಕ್ಷದ್ದರ ಮೇಲೆ ಸೂಪರ್ ಟಾಪ್‌ಅಪ್ಪೋ (ಐದು ಲಕ್ಷ ದಾಟಿದ ಭಾಗಕ್ಕೆ ಮಾತ್ರ ಕೊಡುವ ಹೆಚ್ಚುವರಿ ಪಾಲಿಸಿ)? ಎರಡನೆಯದು ಸಾಮಾನ್ಯವಾಗಿ ಅಗ್ಗ. ಆದರೆ ಬರಿಯ ಟಾಪ್‌ಅಪ್ ಕೊಂಡು ಮೋಸ ಹೋಗಬೇಡಿ. ವರ್ಷದಲ್ಲಿ ಎರಡು ಸಾರಿ ಅಡ್ಮಿಟ್ ಆಗಿ ಮೂರು ಮೂರು ಲಕ್ಷ ಬಿಲ್ಲಾಯಿತು ಎನ್ನಿ. ಮೂಲ ಪಾಲಿಸಿ ಐದು ಕೊಟ್ಟು ಮುಗಿಯಿತು, ಒಂದು ಲಕ್ಷ ಉಳಿಯಿತು. ಟಾಪ್‌ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಎರಡೂ ಐದು ಲಕ್ಷ ದಾಟಿಲ್ಲ, ಸೊನ್ನೆ. ಸೂಪರ್ ಟಾಪ್‌ಅಪ್ ವರ್ಷದ ಬಿಲ್ಲುಗಳನ್ನು ಕೂಡಿಸುತ್ತದೆ, ಆ ಒಂದು ಲಕ್ಷ ಕೊಡುತ್ತದೆ. ಎರಡರ ನವೀಕರಣವೂ ಒಂದೇ ದಿನ ಬರುವಂತೆ ನೋಡಿಕೊಳ್ಳಿ. ತಾರೀಖು ಬೇರೆಯಾದರೆ ಮೊದಲ ಬಿಲ್ಲು ಒಂದು ವರ್ಷಕ್ಕೆ, ಎರಡನೆಯದು ಮತ್ತೊಂದು ವರ್ಷಕ್ಕೆ ಬಿದ್ದು ಕೂಡಿಕೆ ಕೆಡುತ್ತದೆ. ಕಂಪನಿ ಒಂದೇ ಆದರೆ ಕಾಗದಪತ್ರದ ಓಡಾಟವೂ ಕಡಿಮೆ.

ಕೂರ್ಗಳ್ಳಿ, ನಂಜನಗೂಡಿನ ಕಾರ್ಖಾನೆಗಳಲ್ಲಿ ಇರುವವರು ಕಂಪನಿ ಮಾಡಿಸಿಕೊಡುವ ಗ್ರೂಪ್ ಪಾಲಿಸಿಯನ್ನೇ ನೆಚ್ಚಿಕೊಂಡು ಕೂರಬೇಡಿ. ಕೆಲಸ ಬಿಟ್ಟ ದಿನ ಅದೂ ಮುಗಿಯುತ್ತದೆ, ಅಷ್ಟು ಹೊತ್ತಿಗೆ ಶುಗರ್ ಬಂದಿರುತ್ತದೆ. ಗ್ರೂಪ್ ಇರುವಾಗಲೇ ಅದರ ಮೇಲೆ ಸೂಪರ್ ಟಾಪ್‌ಅಪ್ ಒಂದನ್ನು ಹೊರಗೆ ಕೊಂಡಿಟ್ಟರೆ ಕಾಯುವ ಅವಧಿ ಸದ್ದಿಲ್ಲದೆ ಸವೆಯುತ್ತದೆ. ಅಪ್ಪ ಅಮ್ಮನನ್ನು ನಿಮ್ಮದೇ ಫ್ಲೋಟರಿಗೆ (ಮನೆಯವರೆಲ್ಲ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿ) ಸೇರಿಸುವುದು ಬೇಡ: ಪ್ರೀಮಿಯಂ ಹಿರಿಯರ ವಯಸ್ಸು ನೋಡಿ ನಿಗದಿಯಾಗುತ್ತದೆ.

ಕಾಯುವ ಅವಧಿ: ಅಪಘಾತ ಬಿಟ್ಟು ಉಳಿದದ್ದಕ್ಕೆಲ್ಲ ಮೊದಲ 30 ದಿನ. ಪೊರೆ, ಹರ್ನಿಯಾ, ಮೂಲವ್ಯಾಧಿ, ಮಂಡಿ ಬದಲಾವಣೆಗೆ ಸಾಮಾನ್ಯವಾಗಿ 2 ವರ್ಷ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ. 2024ಕ್ಕೆ ಮುಂಚೆ 4 ಇತ್ತು. ಕ್ಲೇಮುಗಳು ಬೀಳುವುದು ಇಲ್ಲಿಯೇ. ಅರ್ಜಿ ತುಂಬುವಾಗ ಏಜೆಂಟರು ಕಾಯಿಲೆಯ ಕಾಲಂಗೆಲ್ಲ "ಇಲ್ಲ" ಎಂದು ಬರೆದಿರುತ್ತಾರೆ. ಅಡ್ಮಿಟ್ ಆದ ರಾತ್ರಿ ಡ್ಯೂಟಿ ಡಾಕ್ಟರು ಕೇಳಿದಾಗ ಯಾರೋ ಸಂಬಂಧಿಕರು "ಬಿಪಿ ಹತ್ತು ವರ್ಷದಿಂದ ಐತೆ ಸಾರ್" ಎನ್ನುತ್ತಾರೆ. ಕೇಸ್ ಶೀಟಿನ ಆ ಒಂದು ಸಾಲು ಸಾಕು. ಅರ್ಜಿಯನ್ನು ನೀವೇ ತುಂಬಿ, ಮಾತ್ರೆ ನುಂಗುವುದನ್ನೆಲ್ಲ ಬರೆಯಿರಿ. ಆಸ್ಪತ್ರೆಯಲ್ಲಿ ಇತಿಹಾಸ ಹೇಳಲು ಸರಿಯಾಗಿ ಗೊತ್ತಿರುವ ಒಬ್ಬರನ್ನೇ ಬಿಡಿ.

ಮೈಸೂರು ವಿಳಾಸದಲ್ಲಿ ಕೊಂಡ ಕೆಲವು ಪಾಲಿಸಿಗಳಿಗೆ ವಲಯದ ಷರತ್ತಿದೆ: ಸಣ್ಣ ಊರಿನ ದರಕ್ಕೆ ಪ್ರೀಮಿಯಂ ಕಟ್ಟಿ ದೊಡ್ಡ ನಗರದಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಮ್ಮ ತಲೆಗೆ. ದೊಡ್ಡ ಕಾಯಿಲೆಗೆ ಇಲ್ಲಿನವರು ಬೆಂಗಳೂರಿಗೆ ಹೋಗುವುದೇ ರೂಢಿಯಾದ್ದರಿಂದ ಬೆಂಗಳೂರು ಯಾವ ವಲಯ ಎಂದು ಕೊಳ್ಳುವ ಮುನ್ನ ಕೇಳಿ.

ಪಾಲಿಸಿಯ ಜೊತೆ ಗ್ರಾಹಕ ಮಾಹಿತಿ ಹಾಳೆ ಕೊಡಬೇಕೆಂಬ ನಿಯಮವಿದೆ. ಕನ್ನಡದಲ್ಲಿ ಬೇಕೆಂದರೆ ಕನ್ನಡದಲ್ಲೇ ಕೊಡಬೇಕು, ಕೇಳಿ ಪಡೆಯಿರಿ. ಅದರಲ್ಲಿ ರೂಮ್ ಬಾಡಿಗೆ, ನಮ್ಮ ಪಾಲಿನ ಶೇಕಡಾ, ಕಾಯುವ ಅವಧಿ, ಈ ಮೂರನ್ನು ಮೊದಲು ಓದಿ. ಏಜೆಂಟರು ಹೇಳಿದ್ದಕ್ಕೂ ಅಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಪಾಲಿಸಿ ಕೈಸೇರಿದ 30 ದಿನದೊಳಗೆ ವಾಪಸ್ ಮಾಡಬಹುದು; ಆರೋಗ್ಯ ತಪಾಸಣೆ, ಸ್ಟಾಂಪ್ ಶುಲ್ಕ ಮತ್ತು ವಿಮೆ ಇದ್ದಷ್ಟು ದಿನದ ಪ್ರೀಮಿಯಂ ಮುರಿದುಕೊಂಡು ಉಳಿದದ್ದನ್ನು ಹಿಂದಿರುಗಿಸುತ್ತಾರೆ.