ಸರ್ ಪ್ರಾಜೆಕ್ಟೋ, ಸರ್ಕಾರದ ಡೇಟಾವೋ, ನಮ್ಮದೇ ಸರ್ವೆಯೋ?

ಬಿಎಯಲ್ಲಿ ಅರ್ಥಶಾಸ್ತ್ರ ತಗೊಂಡ ಜೂನಿಯರ್‌ಗಳು ಆಗಾಗ ಕೇಳುತ್ತಾರೆ: ಕ್ಲಾಸಿನ ಹೊರಗೆ ರಿಸರ್ಚ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ? ಮಂಗಳೂರಿನಲ್ಲಿ ಡಿಗ್ರಿ ಓದುವಾಗ ನಾನು ಮೂರು ದಾರಿಯನ್ನೂ ಹಿಡಿದು ನೋಡಿದ್ದೇನೆ. ಒಂದನ್ನೇ ಆರಿಸಿ ಅಂದರೆ ನನ್ನ ಓಟು ಸ್ವಂತ ಸರ್ವೆಗೆ.

ಸರ್ ಒಬ್ಬರ ಪ್ರಾಜೆಕ್ಟಿಗೆ ಸೇರಿಕೊಳ್ಳುವುದು ಎಲ್ಲಕ್ಕಿಂತ ಸುಲಭ. ತುಂಬಿಸಿದ ಫಾರಂಗಳನ್ನು ಎಕ್ಸೆಲ್‌ಗೆ ಹಾಕುವ ಕೆಲಸ. ಬೇಜಾರು ಬರುತ್ತದೆ, ಆದರೆ ಶಿಸ್ತು ಕಲಿಯುವುದು ಇಲ್ಲೇ. ಆದಾಯ ಎಷ್ಟು ಅಂತ ಹೇಳದ ಮನೆಗೆ ಸೊನ್ನೆ ಹಾಕಿದರೆ ಇಡೀ ಸರಾಸರಿ ಕೆಳಗಿಳಿಯುತ್ತದೆ. ಅಲ್ಲಿ ಖಾಲಿ ಬಿಡಬೇಕು. ಇಂಥದ್ದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ. ಕೊರತೆ ಏನೆಂದರೆ, ಪ್ರಶ್ನೆ ನಮ್ಮದಲ್ಲ. ಅದನ್ನು ಯಾಕೆ ಕೇಳಿದ್ದಾರೆ ಅಂತ ಗೊತ್ತಾಗದೆಯೇ ಕೆಲಸ ಮುಗಿದುಬಿಡಬಹುದು.

ಎರಡನೆಯದು ಸರ್ಕಾರದ ಡೇಟಾ. ನಾನು ಹಿಡಿದದ್ದು ಪಿಎಲ್‌ಎಫ್‌ಎಸ್, ಅಂದರೆ 2017-18ರಲ್ಲಿ ಶುರುವಾದ ಉದ್ಯೋಗ ಸಮೀಕ್ಷೆ. ಮನೆ ಮನೆಯ ಮಾಹಿತಿ, ಹೆಸರು ತೆಗೆದು, ಪುಕ್ಕಟೆ ಸಿಗುತ್ತದೆ. ವಿಶ್ಲೇಷಣೆಗೆ ಬೇಕಾದ 'ಆರ್' ಸಾಫ್ಟ್‌ವೇರ್ ಕೂಡ ಪುಕ್ಕಟೆ. ನಾನು ಇಳಿಸಿಕೊಂಡ ಫೈಲ್ ತೆರೆದರೆ ಮಾತ್ರ ಬರೀ ಅಂಕಿಗಳ ಸಾಲು. ಎಷ್ಟನೇ ಅಂಕಿಯಿಂದ ವಯಸ್ಸು, ಎಷ್ಟನೆಯದರಿಂದ ಕೆಲಸದ ಕೋಡ್ ಅಂತ ಜೊತೆಗೆ ಕೊಟ್ಟ ಲೇಔಟ್ ಪಟ್ಟಿ ನೋಡಿಯೇ ಬಿಡಿಸಬೇಕಿತ್ತು. ಸ್ಯಾಂಪಲ್‌ನ ಒಂದೊಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತದೆ ಅಂತ ಹೇಳುವ ಸಂಖ್ಯೆಯೇ ವೆಯ್ಟ್; ಅದನ್ನು ಹಾಕದೆ ತೆಗೆದ ಶೇಕಡಾವಾರಿಗೆ ಬೆಲೆ ಇಲ್ಲ. ಇನ್ನೊಂದು ವಿಷಯ: ನಾನು ಬಳಸಿದ ಹಳೇ ವರ್ಷಗಳ ಸ್ಯಾಂಪಲ್ ರಾಜ್ಯದ ಲೆಕ್ಕಕ್ಕೆ ಸಾಕು, ದಕ್ಷಿಣ ಕನ್ನಡ ಒಂದೇ ಜಿಲ್ಲೆಯ ಬಗ್ಗೆ ಮಾತಾಡಲು ಸಾಲದು.

ಇನ್ನು ಸರ್ವೆ. ಗೆಳತಿಯರ ಜೊತೆ ಬಂಟ್ವಾಳದ ಕಡೆ ಬೀಡಿ ಕಟ್ಟುವವರ ಮನೆಗಳಿಗೆ ಹೋದೆವು. ಒಬ್ಬರು ಅಕ್ಕನಿಗೆ ಮೊದಲ ಪ್ರಶ್ನೆ, ಏನು ಕೆಲಸ ಮಾಡುತ್ತೀರಿ? "ಬೇಲೆ ದಾಲಾ ಇಜ್ಜಿ, ಇಲ್ಲಡೇ ಉಪ್ಪುನು." ಕೆಲಸ ಏನಿಲ್ಲ, ಮನೆಯಲ್ಲೇ ಇರುವುದು ಅಂತ ತುಳುವಿನಲ್ಲಿ ಅಂದರು. ಹಾಗೆ ಹೇಳುವಾಗಲೂ ಮಡಿಲಲ್ಲಿ ಗೆರಸೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು. ಬೆರಳು ನಿಂತೇ ಇರಲಿಲ್ಲ. ಈ ವಾರ ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ತೆಗೆದುಕೊಳ್ಳುವ ಕೇಂದ್ರಕ್ಕೆ, ಎಷ್ಟು ಬೀಡಿ ಕೊಟ್ಟಿರಿ ಅಂತ ಕೇಳಿದೆವು. ಎದ್ದು ಹೋಗಿ ಪುಸ್ತಕವನ್ನೇ ತಂದರು! ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ. ಎಲ್ಲ ಅದರಲ್ಲಿ ಬರೆದಿತ್ತು. ದಿನಕ್ಕೆ ಎಷ್ಟು ಗಂಟೆ ಅಂದರೆ ಅವರಿಗೆ ಹೇಳಲಾಗಲಿಲ್ಲ. ಅಡುಗೆ ಆದ ಮೇಲೆ ಸ್ವಲ್ಪ, ಮಕ್ಕಳು ಶಾಲೆಯಿಂದ ಬರುವ ತನಕ ಸ್ವಲ್ಪ, ರಾತ್ರಿ ಟಿವಿ ಮುಂದೆ ಇನ್ನಷ್ಟು. "ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ?" ಅಂದಾಗ ಲೆಕ್ಕ ತಾನಾಗಿ ಬಿಚ್ಚಿಕೊಂಡಿತು.

ಪಿಎಲ್‌ಎಫ್‌ಎಸ್‌ನಲ್ಲಿ ಮನೆಗೆಲಸ ಮಾತ್ರ ಮಾಡುವವರಿಗೆ 92 ಅಂತ ಕೋಡ್ ಇದೆ. ಆಮೇಲೆ ಆ ಕೋಡ್ ಕಂಡಾಗಲೆಲ್ಲ, ಇವರಲ್ಲಿ ಎಷ್ಟು ಜನರನ್ನು ಎರಡನೇ ಸಲ ಬೇರೆ ರೀತಿ ಕೇಳಿರಬಹುದು ಅಂತ ಯೋಚನೆ ಬರುತ್ತದೆ. ಸರ್ವೆ ಮಾಡದೆ ನನಗೆ ಈ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ. ನನ್ನ ಓಟು ಅದಕ್ಕೇ.

ಖರ್ಚಿದೆ, ನಿಜ. ಬಸ್ ಚಾರ್ಜು, ರಜೆಯ ಭಾನುವಾರಗಳು. ಪ್ರಶ್ನೆಗಳನ್ನು ಮೊದಲೇ ಒಬ್ಬರು ಸರ್‌ಗೋ ಮೇಡಂಗೋ ತೋರಿಸಿ. ಮನೆಯವರ ಒಪ್ಪಿಗೆ ಕೇಳಿ, ಹೆಸರು ಬರೆದುಕೊಳ್ಳಬೇಡಿ. ಪರಿಚಯದ ನಾಲ್ಕು ಮನೆ ನೋಡಿ ಇಡೀ ಜಿಲ್ಲೆ ಹೀಗೇ ಅನ್ನಬೇಡಿ. ಉಡುಪಿಯವರು ಮಲ್ಪೆ ಬಂದರಿನಲ್ಲಿ ಸರ್ವೆ ಮಾಡುವುದಾದರೆ ತಿಂಗಳು ನೋಡಿ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಹೋಗಿ "ಈ ವಾರದ ಸಂಪಾದನೆ ಎಷ್ಟು?" ಅಂತ ಕೇಳಿದರೆ ಸಿಗುವ ಉತ್ತರದಿಂದ ವರ್ಷದ ಲೆಕ್ಕ ಹಾಕಲಾಗದು. ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಅವರನ್ನೇ ಕೇಳಿ.