ಮನೆ ಮಾರುವ ಮೊದಲು ಗೋಡೆಯ ತೇವವನ್ನು ಬಣ್ಣದಡಿ ಮುಚ್ಚಿಸಬೇಡಿ

ಮನೆಯನ್ನು ಮಾರಾಟಕ್ಕೆ ಸಿದ್ಧಪಡಿಸಿಕೊಡುತ್ತೇವೆ ಎನ್ನುವ ಗುತ್ತಿಗೆದಾರರೆಲ್ಲ ಕೆಟ್ಟವರಲ್ಲ. ಆದರೆ ಒದ್ದೆ ಗೋಡೆಯನ್ನು ಕಂಡಾಗ ನೀರು ಎಲ್ಲಿಂದ ಬರುತ್ತಿದೆ ಎಂದು ವಿಚಾರಿಸದೆ, ಯಾವ ಬಣ್ಣ ಹಚ್ಚೋಣ ಎಂದು ಕೇಳುವವರ ಕೈಗೆ ದಯವಿಟ್ಟು ಮನೆಯ ಬೀಗದ ಕೈ ಕೊಡಬೇಡಿ. ನಮ್ಮ ಕುಟುಂಬಕ್ಕೆ ಆದ ನಷ್ಟವೂ, ಅದಕ್ಕಿಂತ ಹೆಚ್ಚಾಗಿ ನಾವು ಕೇಳಬೇಕಾಗಿ ಬಂದ ಮಾತೂ ಇನ್ನೊಬ್ಬರಿಗೆ ಬಾರದಿರಲಿ ಎಂಬ ಕಾರಣಕ್ಕೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂದೆಯವರು ಕಟ್ಟಿಸಿದ ಮನೆಯನ್ನು ಮಾರುವುದೆಂದು ನಿರ್ಧರಿಸಿದಾಗ, ಬಚ್ಚಲುಮನೆಗೆ ತಾಗಿದ ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಕಲೆ ಇತ್ತು. ಅಲ್ಲಿ ಬಣ್ಣ ಗುಳ್ಳೆ ಎದ್ದು, ಕೈಯಿಂದ ಸವರಿದರೆ ಬಿಳಿಯ ಪುಡಿ ಉದುರುತ್ತಿತ್ತು. ಗುತ್ತಿಗೆದಾರರಿಗೆ ಮೊದಲು ತೋರಿಸಿದ್ದೇ ಆ ಜಾಗವನ್ನು. ಒಳಗಿನ ಪೈಪನ್ನು ಪರೀಕ್ಷಿಸಿ, ಗಾರೆ ಕಿತ್ತು, ಗೋಡೆ ಒಣಗಿದ ಮೇಲೆ ಬಣ್ಣ ಹಚ್ಚಬೇಕೆಂದು ನಾವು ಹೇಳಿದೆವು. ಅವರು ಒಪ್ಪಿ, ಅಂದಾಜುಪಟ್ಟಿಯಲ್ಲಿ ಸೋರಿಕೆ ದುರಸ್ತಿ ಎಂದೇ ಪ್ರತ್ಯೇಕವಾಗಿ ಬರೆದು, ಅದಕ್ಕೆ ಹಣವನ್ನೂ ಪಡೆದರು. ಮನೆ ಖಾಲಿಯಿದ್ದುದರಿಂದ ಕೆಲಸ ನಡೆಯುವಾಗ ನಮ್ಮವರು ಯಾರೂ ಅಲ್ಲಿರಲಿಲ್ಲ. ಕೆಲಸ ಮುಗಿಯಿತೆಂದು ತಿಳಿಸಿದಾಗ ಹೋಗಿ ನೋಡಿದರೆ ಗೋಡೆ ಕನ್ನಡಿಯಂತೆ ನುಣುಪಾಗಿತ್ತು, ಬಚ್ಚಲಿಗೆ ಹೊಸ ಟೈಲ್ಸ್ ಬಂದಿದ್ದವು.

ಒಬ್ಬ ಖರೀದಿದಾರರು ಮೆಚ್ಚಿ ಮುಂಗಡ ಕೊಟ್ಟರು. ನೋಂದಣಿಗೆ ಮುನ್ನ ಅವರು ಕರೆತಂದ ಎಂಜಿನಿಯರ್ ತೇವಮಾಪಕದ ಎರಡು ಸೂಜಿಗಳನ್ನು ಅದೇ ಗೋಡೆಗೆ ಚುಚ್ಚಿದರು. ಒದ್ದೆ ವಸ್ತುವಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ ಎಂಬ ತತ್ತ್ವದ ಮೇಲೆ ಆ ಉಪಕರಣ ಕೆಲಸ ಮಾಡುತ್ತದೆ. ಗೋಡೆಯಲ್ಲಿ ಉಪ್ಪಿನಂಶವಿದ್ದರೂ ಅದು ಹೆಚ್ಚಿನ ಅಂಕಿ ತೋರಿಸಬಹುದಾದ್ದರಿಂದ, ಅವರು ಅಷ್ಟಕ್ಕೇ ನಿಲ್ಲದೆ ನಮ್ಮ ಅನುಮತಿ ಪಡೆದು ಒಂದು ಮೂಲೆಯಲ್ಲಿ ಪುಟ್ಟಿಯನ್ನು ಕೆರೆದು ನೋಡಿದರು. ಒಳಗೆ ಹಳೆಯ ಗಾರೆ ಹಾಗೆಯೇ ಇತ್ತು, ಒದ್ದೆಯಾಗಿ, ಉಗುರಿಗೆ ಕಿತ್ತು ಬರುವಷ್ಟು ಮೆತ್ತಗೆ. ಪೈಪನ್ನು ಯಾರೂ ಮುಟ್ಟಿರಲಿಲ್ಲ. ಬಚ್ಚಲಿನಲ್ಲಿ ಹಳೆಯ ಟೈಲ್ಸ್ ಮೇಲೆಯೇ ಹೊಸದನ್ನು ಅಂಟಿಸಿದ್ದರು. ನೆಲ ಒಂದೂವರೆ ಸೆಂಟಿಮೀಟರಿನಷ್ಟು ಏರಿ, ಬಾಗಿಲು ಕೆಳಗೆ ಉಜ್ಜುತ್ತಿತ್ತು. ವಾಟ ತಪ್ಪಿದ್ದರಿಂದ ಸುರಿದ ನೀರು ಜಾಲರಿಯ ಕಡೆಗೆ ಹರಿಯದೆ ಗೋಡೆಯ ಬುಡದಲ್ಲಿ ನಿಂತಿತು. ಅಂದರೆ ಮೊದಲಿದ್ದ ಸೋರಿಕೆಯ ಜೊತೆಗೆ ಇನ್ನೊಂದನ್ನು ಹೊಸದಾಗಿ ಸೇರಿಸಿದ್ದರು.

ಖರೀದಿದಾರರು ಮುಂಗಡವನ್ನು ಹಿಂದಕ್ಕೆ ಪಡೆದರು. ನಮಗೆ ಗೊತ್ತಿದ್ದೇ ಮುಚ್ಚಿಸಿದ್ದೇವೆ ಎಂದು ಅವರು ನೇರವಾಗಿ ಹೇಳಿದರು, ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಭಾವಿಸುತ್ತಿದ್ದರು. ಗುತ್ತಿಗೆದಾರರನ್ನು ಪ್ರಶ್ನಿಸಿದಾಗ ಸಿಕ್ಕ ಉತ್ತರ ನನಗೆ ಇಂದಿಗೂ ಕೋಪ ತರಿಸುತ್ತದೆ: ಮನೆ ಮಾರಾಟವಾಗುವವರೆಗೆ ಗೋಡೆ ಚೆನ್ನಾಗಿ ಕಂಡರೆ ಸಾಕಲ್ಲವೇ, ಆಮೇಲೆ ಅದು ಕೊಂಡವರ ತಲೆನೋವು ಎಂದರು. ಇದು ಅನ್ಯಾಯ ಮಾತ್ರವಲ್ಲ, ಮಾರುವವರಿಗೇ ಅಪಾಯ. ತನಗೆ ಗೊತ್ತಿರುವ, ಕೊಳ್ಳುವವರ ಸಾಮಾನ್ಯ ನೋಟಕ್ಕೆ ಬೀಳದ ದೊಡ್ಡ ದೋಷವನ್ನು ಮಾರುವವರು ತಿಳಿಸಲೇಬೇಕು ಎಂದು ಅನೇಕ ದೇಶಗಳ ಕಾನೂನು ಹೇಳುತ್ತದೆ. ಮುಚ್ಚಿಟ್ಟದ್ದು ಸಾಬೀತಾದರೆ ಮಾರಾಟದ ನಂತರವೂ ಪರಿಹಾರದ ಮೊಕದ್ದಮೆ ಬರಬಹುದು. ಆಗ ನ್ಯಾಯಾಲಯದಲ್ಲಿ ನಿಲ್ಲಬೇಕಾದವರು ಮನೆಯ ಮಾಲೀಕರು, ಬಣ್ಣ ಹಚ್ಚಿದವರಲ್ಲ.

ತೇವದ ಮೇಲೆ ಹಚ್ಚಿದ ಬಣ್ಣ ಯಾಕೆ ನಿಲ್ಲುವುದಿಲ್ಲ ಎಂಬುದು ತಿಳಿದಿದ್ದರೆ ಇಂಥ ಮಾತುಗಳಿಗೆ ಮರುಳಾಗುವುದು ತಪ್ಪುತ್ತದೆ. ಇಟ್ಟಿಗೆ ಮತ್ತು ಸಿಮೆಂಟಿನಲ್ಲಿರುವ ಲವಣಗಳನ್ನು ಕರಗಿಸಿಕೊಂಡ ನೀರು ಗೋಡೆಯ ಹೊರಮೈಗೆ ಬಂದು ಆವಿಯಾಗುತ್ತದೆ, ಲವಣ ಅಲ್ಲಿಯೇ ಹರಳುಗಟ್ಟುತ್ತದೆ. ನಾವು ಕಂಡ ಬಿಳಿ ಪುಡಿ ಅದೇ. ಮೇಲೆ ಪುಟ್ಟಿ ಮತ್ತು ಎಮಲ್ಷನ್ ಪದರವಿದ್ದರೆ ಆ ಹರಳುಗಳು ಅದನ್ನು ಒಳಗಿನಿಂದ ದೂಡಿ ಸುಲಿಯುತ್ತವೆ. ನೀರು ನಿರೋಧಕ ಎಂದು ಮಾರುವ ಬಣ್ಣವನ್ನು ಒಳಮೈಗೆ ಬಳಿದರೂ ಒಳಗಿನ ನೀರು ಮಾಯವಾಗುವುದಿಲ್ಲ. ಅದು ಪಕ್ಕಕ್ಕೋ ಮೇಲಕ್ಕೋ ಸರಿದು ಇನ್ನೊಂದು ಕಡೆ ಹೊರಬೀಳುತ್ತದೆ.

ಆದ್ದರಿಂದ ಮೊದಲು ಪತ್ತೆ ಮಾಡಬೇಕಾದದ್ದು ನೀರಿನ ಮೂಲವನ್ನು. ಅಡಿಪಾಯದಿಂದ ಏರುವ ತೇವ ಸಾಮಾನ್ಯವಾಗಿ ಗೋಡೆಯ ಉದ್ದಕ್ಕೂ ಪಟ್ಟಿಯಂತೆ, ಸುಮಾರು ಒಂದು ಮೀಟರ್ ಎತ್ತರದೊಳಗೆ ಕಾಣುತ್ತದೆ. ತಾರಸಿಯ ಸೋರಿಕೆ ಮಳೆಯ ನಂತರ ಹೆಚ್ಚಾಗಿ, ಬಿಸಿಲಿಗೆ ತಗ್ಗುತ್ತದೆ. ಸದಾ ಒತ್ತಡದಲ್ಲಿರುವ ನೀರಿನ ಪೈಪು ಸೋರುತ್ತಿದ್ದರೆ ಕಲೆ ಒಂದೇ ಜಾಗದಲ್ಲಿದ್ದು, ಎಲ್ಲ ಋತುಗಳಲ್ಲಿಯೂ ಒದ್ದೆಯಾಗಿರುತ್ತದೆ. ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ ನೀರಿನ ಮೀಟರ್ ತಿರುಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ತಿಳಿಯಬೇಕು. ಗೋಡೆಯ ತೇವವೋ ಕೋಣೆಯ ಗಾಳಿಯ ತೇವವೋ ಎಂಬ ಸಂದೇಹವಿದ್ದರೆ ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಬಿಗಿದು ಒಂದೆರಡು ದಿನ ಬಿಡಿ: ಹನಿ ಹಾಳೆಯ ಒಳಮೈಯಲ್ಲಿ ಮೂಡಿದರೆ ಅದು ಗೋಡೆಯದು, ಹೊರಮೈಯಲ್ಲಾದರೆ ಗಾಳಿಯದು. ಬಚ್ಚಲಿನ ನೆಲವನ್ನು ಪರೀಕ್ಷಿಸಲು ಜಾಲರಿಯನ್ನು ಮುಚ್ಚಿ, ಸ್ವಲ್ಪ ನೀರು ನಿಲ್ಲಿಸಿ, 24 ಗಂಟೆಗಳ ನಂತರ ಕೆಳಗಿನ ಛಾವಣಿಯನ್ನೂ ಪಕ್ಕದ ಗೋಡೆಯನ್ನೂ ನೋಡುವುದು ವಾಡಿಕೆ.

ದುರಸ್ತಿಯ ನಂತರ ಒಣಗಲು ಬಿಡುವ ಸಮಯವನ್ನು ಯಾರ ಒತ್ತಾಯಕ್ಕೂ ಕಡಿತಗೊಳಿಸಬೇಡಿ. ಚೆನ್ನಾಗಿ ನೆನೆದ ಗೋಡೆಗೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬ ಸ್ಥೂಲ ಅಂದಾಜಿದೆ. ಹೊಸ ಸಿಮೆಂಟ್ ಗಾರೆಗೂ ಬಣ್ಣಕ್ಕೆ ಮೊದಲು ಸುಮಾರು 28 ದಿನ ಬೇಕು. ಮಾರಾಟದ ಆತುರದಲ್ಲಿ ಇದು ದೀರ್ಘವೆನಿಸುವುದು ಸಹಜ. ಅಷ್ಟು ಕಾಯಲಾಗದಿದ್ದರೆ ಗೋಡೆಯನ್ನು ಇದ್ದ ಹಾಗೆಯೇ ತೋರಿಸಿ, ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಡುವುದು ಎಷ್ಟೋ ಮೇಲು. ಹೊಸ ಅಡುಗೆಮನೆ, ಅಲಂಕಾರದ ಛಾವಣಿ ಮುಂತಾದವುಗಳಿಗೆ ಮಾರುವ ಮುನ್ನ ಹಣ ಸುರಿಯುವುದು ನನ್ನ ಅಭಿಪ್ರಾಯದಲ್ಲಿ ಅನಗತ್ಯ, ಕೊಳ್ಳುವವರಿಗೆ ತಮ್ಮದೇ ಅಭಿರುಚಿ ಇರುತ್ತದೆ. ಸೋರದ ನಲ್ಲಿ, ಸರಿಯಾಗಿ ಮುಚ್ಚುವ ಬಾಗಿಲು, ಸುರಕ್ಷಿತ ವೈರಿಂಗ್, ಶುಚಿಯಾದ ಕೋಣೆಗಳು ಇದ್ದರೆ ಸಾಕು.

ಗುತ್ತಿಗೆದಾರರೊಂದಿಗೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಎರಡು ಷರತ್ತುಗಳು ಇರಲೇಬೇಕು. ಗೋಡೆ ಅಥವಾ ನೆಲವನ್ನು ಮುಚ್ಚುವ ಮೊದಲು ಮಾಲೀಕರು ಇಲ್ಲವೇ ಅವರು ಕಳುಹಿಸಿದವರು ಬಂದು ನೋಡಿ, ದಿನಾಂಕ ಸಹಿತ ಫೋಟೋ ತೆಗೆಯಬೇಕು. ಹಣವನ್ನು ಹಂತ ಹಂತವಾಗಿ ಕೊಟ್ಟು, ಕೊನೆಯ ಕಂತನ್ನು ನೀರಿನ ಪರೀಕ್ಷೆ ಮುಗಿಯುವವರೆಗೆ ಹಿಡಿದಿಡಬೇಕು. ದೂರದಲ್ಲಿದ್ದುಕೊಂಡು ಮನೆ ಮಾರುವವರಿಗೆ ಇವು ಇನ್ನೂ ಮುಖ್ಯ.

ನಮ್ಮ ಮನೆಯ ಗೋಡೆಯನ್ನು ಬೇರೊಬ್ಬ ಪ್ಲಂಬರ್ ತೆರೆದಾಗ ಬಿಸಿನೀರಿನ ಪೈಪಿನ ಒಂದು ಜೋಡಣೆ ಬಿಟ್ಟುಕೊಂಡಿದ್ದು ಕಂಡಿತು. ಅದನ್ನು ಬದಲಿಸಿ, ಪೈಪಿನಲ್ಲಿ ಒತ್ತಡ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿ, ಬಚ್ಚಲಿನ ಎರಡೂ ಪದರದ ಟೈಲ್ಸ್ ಕಿತ್ತು, ಹೊಸದಾಗಿ ವಾಟ ಕೊಟ್ಟು ಮಾಡಿಸಿದೆವು. ಮೊದಲ ಕೆಲಸಕ್ಕೆ ಕೊಟ್ಟ ಹಣ ಮರಳಿ ಬರಲಿಲ್ಲ. ಮುಂದೆ ಬಂದ ಖರೀದಿದಾರರಿಗೆ ಹಳೆಯ ಸೋರಿಕೆಯ ವಿಷಯವನ್ನು ಮೊದಲೇ ತಿಳಿಸಿ, ತೆರೆದ ಗೋಡೆಯ ಫೋಟೋಗಳನ್ನೂ ರಸೀದಿಗಳನ್ನೂ ಮುಂದಿಟ್ಟೆವು. ಅವರು ಅವುಗಳ ಪ್ರತಿ ಪಡೆದು, ತಮ್ಮ ಎಂಜಿನಿಯರಿಗೆ ತೋರಿಸಿ, ಬೆಲೆ ತಗ್ಗಿಸುವಂತೆ ಕೇಳದೆ ಮನೆಯನ್ನು ಕೊಂಡರು.