ದುಬೈಯಲ್ಲಿ ಬಾಡಿಗೆ ಮನೆ: ವರ್ಷದ ದುಡ್ಡು ಕೊಡುವ ಮೊದಲು ಇದನ್ನು ಓದಿ

ದುಬೈಗೆ ಹೊಸದಾಗಿ ಬಂದು ಕಮ್ಮಿ ಬಾಡಿಗೆಗೆ ಫ್ಲಾಟ್ ಹುಡುಕುತ್ತಿದ್ದೀರಾ? ಮಾಲೀಕರಲ್ಲದ ಯಾವುದೋ ರಿಯಲ್ ಎಸ್ಟೇಟ್ ಕಂಪನಿ "ಮಾರ್ಕೆಟ್ ರೇಟಿಗಿಂತ ಕಮ್ಮಿಗೆ ಕೊಡ್ತೇವೆ, ವರ್ಷದ್ದು ಒಟ್ಟಿಗೆ ಕೊಡಿ" ಅಂದರೆ ಅಲ್ಲಿಂದ ಎದ್ದು ಬನ್ನಿ. ಇದರಲ್ಲಿ ದುಡ್ಡು ಕಳೆದುಕೊಂಡವರು ನಾವೊಬ್ಬರೇ ಅಲ್ಲ, ನಮ್ಮ ಬಿಲ್ಡಿಂಗ್ ಒಂದರಲ್ಲೇ ಹಲವು ಮನೆಯವರು ಇದ್ದೇವೆ.

ಈ ಆಟ ನಡೆಯುವುದು ಹೀಗೆ. ಇಲ್ಲಿ ಬಾಡಿಗೆ ವರ್ಷದ ಲೆಕ್ಕ. ಅದನ್ನು ನಾಲ್ಕೋ ಆರೋ ಚೆಕ್ಕುಗಳಲ್ಲಿ, ಮುಂದಿನ ತಾರೀಕು ಹಾಕಿ ಮೊದಲೇ ಬರೆದುಕೊಡುವುದು ರೂಢಿ. ಕಂಪನಿ ಒಂದು ಫ್ಲಾಟನ್ನು ಮಾಲೀಕರಿಂದ 60 ಸಾವಿರ ದಿರ್ಹಮ್‌ಗೆ ತೆಗೆದುಕೊಂಡಿತು ಅನ್ನಿ. 15 ಸಾವಿರದ ನಾಲ್ಕು ಚೆಕ್ ಕೊಡುತ್ತದೆ. ಅದೇ ಫ್ಲಾಟನ್ನು ನಮ್ಮಂಥವರಿಗೆ 50 ಸಾವಿರಕ್ಕೆ ಕೊಟ್ಟು, ಅಷ್ಟನ್ನೂ ಒಂದೇ ಸಲ ವಸೂಲಿ ಮಾಡುತ್ತದೆ. ಮೊದಲ ಚೆಕ್ ಪಾಸಾಗುತ್ತದೆ. ಎರಡನೆಯದು ಬೌನ್ಸ್ ಆಗುವ ಹೊತ್ತಿಗೆ ಆಫೀಸಿಗೆ ಬೀಗ. 60ಕ್ಕೆ ತಂದದ್ದನ್ನು 50ಕ್ಕೆ ಕೊಟ್ಟರೆ ಲಾಭ ಎಲ್ಲಿಂದ ಅಂತ ಕೇಳಬಹುದು. ಕಟ್ಟುವುದು 15 ಮಾತ್ರ ಅಂತ ಮೊದಲೇ ತೀರ್ಮಾನಿಸಿದವನಿಗೆ ಇದರಲ್ಲಿ 35 ಸಾವಿರ ಲಾಭ!

ನಮ್ಮನೆಯವರಿಗೆ ಇಲ್ಲಿ ಕೆಲಸ ಸಿಕ್ಕಿದ ಮೇಲೆ ನಾನೂ ಮಗಳೂ ಉಡುಪಿಯಿಂದ ವಿಸಿಟ್ ವೀಸಾದಲ್ಲಿ ಬಂದೆವು. ಅಲ್ ಖುಸೈಸ್ ಕಡೆ ಮನೆ ಬೇಕಿತ್ತು, ಶಾಲೆಗಳು ಹತ್ತಿರ ಅಂತ. ಹೊಸಬರಿಗೆ ದೊಡ್ಡ ತಲೆನೋವು ಚೆಕ್‌ಬುಕ್. ಇಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಕೈಗೆ ಬಂದು, ಬ್ಯಾಂಕ್ ಅಕೌಂಟ್ ಆಗಿ, ಅದಕ್ಕೆ ಸಂಬಳ ಬೀಳಲು ಶುರುವಾಗುವವರೆಗೆ ಅದು ಸಿಗುವುದು ಕಷ್ಟ. ಚೆಕ್ ಇಲ್ಲ ಅಂದರೆ ಮಾಲೀಕರು ಮಾತೇ ಆಡುವುದಿಲ್ಲ. ಈ ಕಂಪನಿಗಳು ಕಾದು ಕೂತಿರುವುದು ಇಂಥವರಿಗಾಗಿಯೇ. "ಚೆಕ್ ಬೇಡ ಅಕ್ಕ, ಕ್ಯಾಶ್ ಆದ್ರೂ ಅಡ್ಡಿಲ್ಲ, ಟ್ರಾನ್ಸ್‌ಫರ್ ಆದ್ರೂ ಅಡ್ಡಿಲ್ಲ" ಅಂದ ಏಜೆಂಟ್. ನಮ್ಮ ಕಡೆಯ ಹುಡುಗ, ನಮ್ಮದೇ ಭಾಷೆ. ಊರಿನ ಸೊಸೈಟಿಯಲ್ಲಿ ನನ್ನ ಬಳೆ ಅಡವಿಟ್ಟು ವರ್ಷದ ದುಡ್ಡು ಹೊಂದಿಸಿ ಕೊಟ್ಟೆವು. ಕಂಪನಿಯ ಲೆಟರ್‌ಹೆಡ್ ಮೇಲೆ ಅಗ್ರಿಮೆಂಟ್, ಸೀಲು, ಸಹಿ ಎಲ್ಲ ಇತ್ತು.

ಆಮೇಲೆ ಆ ಹುಡುಗ ಇನ್ನೊಂದು ಉಪಕಾರ ಮಾಡಿದ. "ದೇವಾ ನಮ್ಮ ಹೆಸರಲ್ಲೇ ಇರ್ಲಿ ಅಕ್ಕ, ನಿಮಗೆ ಎರಡು ಸಾವಿರ ಉಳೀತದೆ." ದೇವಾ ಅಂದರೆ ಇಲ್ಲಿನ ಕರೆಂಟು, ನೀರಿನ ಸರ್ಕಾರಿ ಸಂಸ್ಥೆ. ಫ್ಲಾಟಿಗೆ ಕನೆಕ್ಷನ್ ಪಡೆಯಲು 2,000 ದಿರ್ಹಮ್ ಡೆಪಾಸಿಟ್ ಕಟ್ಟಬೇಕು, ಅದು ನಿಜ. ಆದರೆ ಅದಕ್ಕೆ ಎಜಾರಿಯೂ ಬೇಕು. ದುಬೈಯಲ್ಲಿ ಬಾಡಿಗೆ ಕರಾರು ಸರ್ಕಾರದಲ್ಲಿ ನೋಂದಣಿ ಆದಾಗ ಸಿಗುವ ಪತ್ರವೇ ಎಜಾರಿ. ಅದಿಲ್ಲದಿದ್ದರೆ ನೀವು ಆ ಮನೆಯಲ್ಲಿದ್ದೀರಿ ಅನ್ನುವುದಕ್ಕೆ ಸರ್ಕಾರದ ಕಣ್ಣಿಗೆ ದಾಖಲೆಯೇ ಇಲ್ಲ. ಕನೆಕ್ಷನ್ ನಮ್ಮ ಹೆಸರಿಗೆ ಮಾಡಿಸಲು ಹೋಗಿದ್ದರೆ ಎಜಾರಿ ಇಲ್ಲ ಅನ್ನುವುದು ಮೊದಲ ದಿನವೇ ಹೊರಗೆ ಬರುತ್ತಿತ್ತು. ಆ ಎರಡು ಸಾವಿರದ ಉಳಿತಾಯ ನಮಗಾಗಿ ಅಲ್ಲ, ಇದಕ್ಕಾಗಿ. ಪ್ರತಿ ತಿಂಗಳು ಬಿಲ್ಲಿನ ಫೋಟೋ ಕಳಿಸುತ್ತಿದ್ದರು, ನಾವು ಅವರ ಅಕೌಂಟಿಗೆ ಹಾಕುತ್ತಿದ್ದೆವು.

ಫ್ಯಾಮಿಲಿ ವೀಸಾಕ್ಕೂ ಎಜಾರಿ ಬೇಕು. ಕೇಳಿದಾಗಲೆಲ್ಲ "ಸಿಸ್ಟಮ್ ಅಪ್‌ಡೇಟ್ ಆಗ್ತಾ ಉಂಟು", "ಓನರ್ ಲಂಡನ್‌ನಲ್ಲಿದ್ದಾರೆ". ಕೊನೆಗೆ ಒಂದು ಪಿಡಿಎಫ್ ಬಂತು. ವೀಸಾ ಅರ್ಜಿ ತೆಗೆದುಕೊಳ್ಳುವ ಅಮೇರ್ ಸೆಂಟರಿನ ಹುಡುಗಿ ನಂಬರ್ ಹಾಕಿ ನೋಡಿ, ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದಳು. ಆ ನಂಬರ್ ಬೇರೆಯದೇ ಫ್ಲಾಟಿನದು. ನಮ್ಮ ಪಿಡಿಎಫ್‌ನಲ್ಲಿ ಹೆಸರಿನ ಸಾಲಿನ ಅಕ್ಷರ ಮಾತ್ರ ಒಂಚೂರು ದಪ್ಪ ಇತ್ತು. ಹಳೆಯದರ ಮೇಲೆ ಹೊಸದಾಗಿ ಟೈಪ್ ಮಾಡಿದ್ದು.

ಆಫೀಸಿಗೆ ಓಡಿದರೆ ಗಾಜಿನ ಬಾಗಿಲಿಗೆ ಸರಪಳಿ. ಏಜೆಂಟನ ಫೋನ್ ಆಫ್.

ಅದಾಗಿ ಸ್ವಲ್ಪ ದಿನಕ್ಕೇ, ಜುಲೈಯ ಮಧ್ಯಾಹ್ನ, ಎಸಿ ನಿಂತಿತು. ಜುಲೈಯಲ್ಲಿ ದುಬೈಯ ಬಿಸಿಲು 45 ಡಿಗ್ರಿ ಮುಟ್ಟುವುದು ಮಾಮೂಲು. ಹೊರಗೆ ಬಂದು ನೋಡಿದರೆ ಕಾರಿಡಾರಿನಲ್ಲಿ ಲೈಟ್ ಉರಿಯುತ್ತಿದೆ. ನಲ್ಲಿಯಲ್ಲೂ ನೀರಿಲ್ಲ. ಬಿಲ್ಡಿಂಗಿನ ನಾತೂರ್, ಅಂದರೆ ವಾಚ್‌ಮನ್, ಮೀಟರ್ ರೂಮಿಗೆ ಕರೆದುಕೊಂಡು ಹೋಗಿ ತೋರಿಸಿದ. ಸಾಲಿನಲ್ಲಿ ನಮ್ಮದೂ ಇನ್ನು ಕೆಲವೂ ಮೀಟರ್ ಆಫ್. ನಾವು ಕೊಟ್ಟ ಬಿಲ್ಲಿನ ದುಡ್ಡನ್ನೂ ಕಂಪನಿ ಕಟ್ಟಿರಲಿಲ್ಲ! ಫ್ರಿಜ್ಜಿನಲ್ಲಿದ್ದ ಅಂಜಲ್ ಮೀನು ನಾರುವಷ್ಟರಲ್ಲಿ ನಾವು ಮಗಳನ್ನು ಕರೆದುಕೊಂಡು ಪರಿಚಯದವರ ಮನೆಗೆ ಹೋಗಿದ್ದೆವು. ಮನೆ ಖಾಲಿ ಮಾಡಿ ಅಂತ ಮಾಲೀಕರ ಕಡೆಯವರು ಬಾಗಿಲಿಗೆ ಅಂಟಿಸಿದ ನೋಟಿಸ್ ಆಮೇಲೆ ಕಂಡಿತು.

ಮಾಲೀಕರ ಮೇಲೆ ಕೋಪ ಬಂದದ್ದು ಹೌದು. ಆದರೆ ಕಾನೂನು ಅವರ ಪರ ಇದೆ. 2007ರ 26ನೇ ನಂಬರಿನ ದುಬೈ ಬಾಡಿಗೆ ಕಾನೂನಿನ ಪ್ರಕಾರ, ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಒಳಬಾಡಿಗೆಗೆ ಕೊಡುವಂತಿಲ್ಲ. ಕೊಟ್ಟಿದ್ದರೆ ಬಾಡಿಗೆದಾರನನ್ನೂ ಒಳಬಾಡಿಗೆಯವರನ್ನೂ ಸೇರಿಸಿಯೇ ಎಬ್ಬಿಸಬಹುದು. ಒಳಬಾಡಿಗೆಯವರಿಗೆ ಉಳಿಯುವುದು, ಕೊಟ್ಟವನಿಂದ ಪರಿಹಾರ ಕೇಳುವ ಹಕ್ಕು. ಕೊಟ್ಟವನು ಇದ್ದರೆ ತಾನೇ? ರೆಂಟಲ್ ಡಿಸ್ಪ್ಯೂಟ್ಸ್ ಸೆಂಟರಿಗೆ ಹೋಗಬಹುದು, ಆದರೆ ಅಲ್ಲಿ ಫೀಸೇ ವರ್ಷದ ಬಾಡಿಗೆಯ ಶೇ. 3.5. ಮಾಯವಾದ ಕಂಪನಿಯ ಮೇಲೆ ಅದನ್ನೂ ಸುರಿಯುವುದು ಬೇಡ ಅಂತ ಬಿಲ್ಡಿಂಗಿನವರೆಲ್ಲ ಸೇರಿ ಪೊಲೀಸ್ ದೂರು ಕೊಟ್ಟಿದ್ದೇವೆ. ಮಾಲೀಕರು ದೊಡ್ಡ ಮನಸ್ಸು ಮಾಡಿ ನಮ್ಮ ಹೆಸರಿಗೇ ಹೊಸ ಕರಾರು ಮಾಡಿಕೊಟ್ಟರು, ಮಾರ್ಕೆಟ್ ರೇಟಿಗೆ, ನಾಲ್ಕು ಚೆಕ್. ಅಂದರೆ ಒಂದೇ ಮನೆಗೆ ಎರಡು ಬಾಡಿಗೆ. ಬಳೆ ಇನ್ನೂ ಸೊಸೈಟಿಯಲ್ಲೇ ಇದೆ.

ನೀವು ಮಾಡಬೇಕಾದ್ದು ಇಷ್ಟು. ಜಾಹೀರಾತಿನಲ್ಲಿ ಸರ್ಕಾರಿ ಪರ್ಮಿಟ್ ನಂಬರ್ ಇದೆಯಾ ನೋಡಿ. ಟೈಟಲ್ ಡೀಡ್ ಕೇಳಿ, ಅದರಲ್ಲಿರುವ ಹೆಸರಿಗೇ ಚೆಕ್ ಬರೆಯಿರಿ. ಮಾಲೀಕರ ಪರವಾಗಿ ಬಂದಿದ್ದೇವೆ ಅನ್ನುವವರ ಹತ್ತಿರ ಪವರ್ ಆಫ್ ಅಟಾರ್ನಿ ಕೇಳಿ. ಎಜಾರಿ ಪತ್ರವನ್ನು ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ದುಬೈ ರೆಸ್ಟ್ ಆ್ಯಪ್‌ನಲ್ಲಿ ನೀವೇ ಹಾಕಿ ನೋಡಿ, ವಾಟ್ಸಾಪಿನಲ್ಲಿ ಬಂದ ಪಿಡಿಎಫ್ ನಂಬಬೇಡಿ. ದೇವಾ ನಿಮ್ಮ ಹೆಸರಿಗೇ ಮಾಡಿಸಿ. ಮತ್ತೆ ನಾತೂರ್‌ನನ್ನು ಸುಮ್ನೆ ಮಾತಾಡಿಸಿ. ಯಾವ ಫ್ಲಾಟು ಯಾರದ್ದು, ಯಾರು ಎಷ್ಟು ಸಲ ಖಾಲಿ ಮಾಡಿದರು, ಅವನಿಗೆ ಗೊತ್ತಿಲ್ಲದ್ದು ಜಾಸ್ತಿ ಇರುವುದಿಲ್ಲ.

ಚೆಕ್‌ಬುಕ್ ಬರುವವರೆಗೆ ಏನು ಮಾಡುವುದು? ಲೈಸೆನ್ಸ್ ಇರುವ ಹಾಲಿಡೇ ಹೋಮ್ ಅಥವಾ ಹೋಟೆಲ್ ಅಪಾರ್ಟ್‌ಮೆಂಟಿನಲ್ಲಿ ತಿಂಗಳ ಲೆಕ್ಕಕ್ಕೆ ಇರಿ. ದುಬಾರಿಯೇ, ಆದರೆ ಹೋದರೆ ಒಂದು ತಿಂಗಳಿನದು ಹೋಗುತ್ತದೆ. ಒಂಟಿಯಾಗಿ ಬರುವ ಹುಡುಗರು ಬೆಡ್‌ಸ್ಪೇಸ್ (ರೂಮಿನಲ್ಲಿ ಒಂದು ಹಾಸಿಗೆಯ ಜಾಗ), ಪಾರ್ಟಿಷನ್ (ಹಲಗೆ ಹೊಡೆದು ಮಾಡಿದ ಕೋಣೆ) ಹಿಡಿಯುವಾಗಲೂ ಹುಷಾರು. 2025ರ ಜೂನ್‌ನಲ್ಲಿ ದುಬೈ ಮುನಿಸಿಪಾಲಿಟಿ ಅಲ್ ರಿಗ್ಗಾ, ಸತ್ವಾ ಮುಂತಾದ ಕಡೆ ಅನುಮತಿ ಇಲ್ಲದ ಪಾರ್ಟಿಷನ್‌ಗಳ ಮೇಲೆ ಕ್ರಮ ತೆಗೆದುಕೊಂಡಿತು. ಹಲಗೆ ಕಿತ್ತ ದಿನ ನಿಮ್ಮ ಅಡ್ವಾನ್ಸ್ ಯಾರು ಕೊಡುತ್ತಾರೆ?

ಇದನ್ನು ಈಗ ಬರೆಯಲು ಕಾರಣ ಇದೆ. ನಮಗೆ ತೋರಿಸಿದ್ದ ಅದೇ ಫೋಟೋಗಳು, ಅದೇ ನೀಲಿ ಸೋಫಾ, ಮೊನ್ನೆ ಫೇಸ್‌ಬುಕ್‌ನಲ್ಲಿ ಬೇರೆ ಕಂಪನಿಯ ಹೆಸರಲ್ಲಿ ಕಾಣಿಸಿದವು. ಈ ಸಲ ಅಲ್ ನಹ್ದಾದಲ್ಲಿ. ಒನ್ ಬಿಎಚ್‌ಕೆ, ಚಿಲ್ಲರ್ ಫ್ರೀ (ಎಸಿಯ ತಂಪಿಗೆ ಬೇರೆ ದುಡ್ಡಿಲ್ಲ), ಚೆಕ್ ಬೇಡ, ಒಂದೇ ಪೇಮೆಂಟ್.